ದೈತ್ಯ ಉಡವೂ ಎಲೆಯ ನುಸಿಯೂ

ಯಾವುದೇ ಪ್ರಾಣಿಯನ್ನು ಕುರಿತು ನಾವು ಮೊದಲು ಆಡುವ ಮಾತು ಅದರ ಗಾತ್ರದ್ದು. ಆನೆ ದೊಡ್ಡದು, ಇರುವೆ ಸಣ್ಣದು ಎಂದು ಹೇಳಿ ಮುಂದಕ್ಕೆ ಸಾಗುತ್ತೇವೆ. ಬಣ್ಣದಂತೆ ಗಾತ್ರವೂ ಹೊರಗಿನ ಒಂದು ಲಕ್ಷಣ, ಅದು ಹೆಚ್ಚಾದರೂ ಕಡಿಮೆಯಾದರೂ ಪ್ರಾಣಿಯ ಬಾಳುವೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪುರಾಣದ ವಾಮನನು ತ್ರಿವಿಕ್ರಮನಾಗಿ ಬೆಳೆದಾಗ ಅವನ ಕೈಕಾಲುಗಳ ರೂಪ ಬದಲಾಗುವುದಿಲ್ಲ. ಅಳತೆ ಮಾತ್ರ ಬದಲಾಗುತ್ತದೆ. ದೇವರ ವಿಷಯದಲ್ಲಿ ಇದು ಒಪ್ಪತಕ್ಕ ಮಾತು. ಆದರೆ ರಕ್ತಮಾಂಸಗಳಿಂದಾದ ಪ್ರಾಣಿಗೆ ಇಂಥ ಬೆಳವಣಿಗೆ ಸಾಧ್ಯವೆ? ಒಂದು ಸಣ್ಣ ಜೀವಿಯನ್ನು ಇದ್ದ ರೂಪದಲ್ಲಿಯೇ ಹಿಗ್ಗಿಸಿದರೆ ಅದು ಬದುಕೀತೆ?

ಈ ಪ್ರಶ್ನೆಯನ್ನು ವಿಚಾರ ಮಾಡುವುದಕ್ಕಾಗಿ ನಾವು ಎರಡು ಪ್ರಾಣಿಗಳನ್ನು ಆರಿಸಿಕೊಳ್ಳೋಣ. ಒಂದು, ಭೂಮಿಯ ಮೇಲೆ ಈಗ ಬದುಕಿರುವ ಹಲ್ಲಿಗಳ ವಂಶದಲ್ಲಿ ಅತ್ಯಂತ ದೊಡ್ಡದಾದ ಕೊಮೊಡೊ ಉಡ. ಇನ್ನೊಂದು, ಗಿಡದ ಎಲೆಯ ರಸವನ್ನು ಹೀರಿ ಬಾಳುವ, ಬರಿಗಣ್ಣಿಗೆ ಒಂದು ಚುಕ್ಕೆಯಂತೆ ಮಾತ್ರ ತೋರುವ ಜೇಡನುಸಿ. ಇವೆರಡಕ್ಕೂ ಇರುವ ಅಂತರವನ್ನು ಅಳೆದು ನೋಡಿದರೆ, ಗಾತ್ರವು ಹೊರಗಿನ ಲಕ್ಷಣವಲ್ಲ, ಪ್ರಾಣಿಯು ಯಾವ ಯಾವ ಬಲಗಳ ಆಳ್ವಿಕೆಗೆ ಒಳಪಟ್ಟು ಬಾಳಬೇಕೆಂಬುದನ್ನು ಗೊತ್ತುಮಾಡುವ ಕಟ್ಟಳೆಯೇ ಅದು ಎಂಬ ಅಂಶ ವಿಶದವಾಗುತ್ತದೆ.

ಇಬ್ಬರ ಪರಿಚಯ

ಕೊಮೊಡೊ ಉಡವು ಇಂಡೊನೇಷ್ಯ ದೇಶದ ಕೊಮೊಡೊ, ರಿಂಚ, ಫ್ಲೊರೆಸ್ ಮೊದಲಾದ ಕೆಲವೇ ದ್ವೀಪಗಳಲ್ಲಿ ವಾಸಿಸುತ್ತದೆ. ಅಲ್ಲಿಯ ಜನ ಅದನ್ನು 'ಓರ' ಎಂದು ಕರೆಯುತ್ತಾರೆ. ಜಾವದ ಬೈಟೆನ್‌ಜಾರ್ಗ್ ಎಂಬ ಊರಿನ, ಈಗ ಬೋಗೋರ್ ಎಂದು ಕರೆಯುವ ಊರಿನ, ಪ್ರಾಣಿ ವಸ್ತುಸಂಗ್ರಹಾಲಯದ ಮುಖ್ಯಸ್ಥನಾಗಿದ್ದ ಪೀಟರ್ ಔವೆನ್ಸನು 1912ರಲ್ಲಿ ಇದರ ಶಾಸ್ತ್ರೀಯ ವರ್ಣನೆಯನ್ನು ಪ್ರಕಟಿಸಿದನು. ಚೆನ್ನಾಗಿ ಬೆಳೆದ ಗಂಡು ಮೂಗಿನಿಂದ ಬಾಲದ ತುದಿಯವರೆಗೆ ಸುಮಾರು ಎರಡೂವರೆ ಮೀಟರ್ ಉದ್ದವಿರುತ್ತದೆ. ಸುಮಾರು 70 ಕಿಲೋಗ್ರಾಂ ತೂಗುತ್ತದೆ. ಮೂರು ಮೀಟರನ್ನು ಮೀರಿದವೂ ಉಂಟು. ಜಿಂಕೆ, ಕಾಡುಹಂದಿ, ಕೆಲವು ವೇಳೆ ಕೋಣ ಕೂಡ ಇದರ ಆಹಾರ. ಇದರ ಕೆಳದವಡೆಯಲ್ಲಿ ವಿಷದ ಗ್ರಂಥಿಗಳಿರುವುದು 2009ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ನಮ್ಮ ಹೊಲಗದ್ದೆಗಳ ಬದುಗಳಲ್ಲಿ ಕಾಣಸಿಗುವ ಉಡವು ಇದೇ ಕುಲಕ್ಕೆ ಸೇರಿದ್ದು. 'ಉಡದ ಪಟ್ಟು' ಎಂಬ ಮಾತನ್ನು ಬಲ್ಲ ನಮ್ಮವರಿಗೆ ಕೊಮೊಡೊ ಉಡವು ದೂರದ ನೆಂಟನೇ ಹೊರತು ತೀರ ಅಪರಿಚಿತನಲ್ಲ.

ಇನ್ನು ಜೇಡನುಸಿ. ನುಸಿಗಳು ಕೀಟಗಳಲ್ಲ, ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದವು. ಬೆಳೆದ ನುಸಿಗೆ ಎಂಟು ಕಾಲುಗಳಿರುತ್ತವೆ. ನಾವು ಇಲ್ಲಿ ತೆಗೆದುಕೊಳ್ಳುವುದು ಎರಡು ಚುಕ್ಕೆಯ ಜೇಡನುಸಿಯನ್ನು. 1836ರಲ್ಲಿ ಕಾಖ್ ಎಂಬ ಜರ್ಮನ್ ವಿದ್ವಾಂಸನು ಇದಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದನು. ಇದಕ್ಕೆ ಇಂಥದೇ ದೇಶವೆಂಬುದಿಲ್ಲ. ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳು ಇದಕ್ಕೆ ಆಹಾರವಾಗುತ್ತವೆ. ನಮ್ಮಲ್ಲಿ ಬದನೆ, ಬೆಂಡೆ, ಗುಲಾಬಿಗಳ ಎಲೆಗಳ ಕೆಳಮೈಯಲ್ಲಿ ಬೇಸಗೆಯ ದಿನಗಳಲ್ಲಿ ಹುಡುಕಿದರೆ ಇದನ್ನಾಗಲಿ ಇದರ ಹತ್ತಿರದ ಬಂಧುಗಳನ್ನಾಗಲಿ ಕಾಣಬಹುದು. 1998ರಲ್ಲಿ ಕೇರಳದಲ್ಲಿ ಗುರುತಿಸಲ್ಪಟ್ಟು ಬಳಿಕ ನಮ್ಮ ತೋಟಗಳಿಗೂ ಹಬ್ಬಿದ ತೆಂಗಿನ ನುಸಿ ಬೇರೆಯ ಮನೆತನಕ್ಕೆ ಸೇರಿದುದಾದರೂ, 'ನುಸಿ' ಎಂಬ ಹೆಸರು ಕೇಳಿದರೆ ನಮ್ಮ ರೈತನು ಬೆಚ್ಚುವಂತೆ ಮಾಡಿದ್ದು ಅದೇ. ಜೇಡನುಸಿಯಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದು. ಆ ಹೆಣ್ಣಿನ ಉದ್ದ ಸುಮಾರು ಅರ್ಧ ಮಿಲಿಮೀಟರ್.

ಇವೆರಡರಲ್ಲಿಯೂ ಸಮಾನವಾದ ಅಂಶಗಳಿಲ್ಲದೆ ಇಲ್ಲ. ಎರಡೂ ಮೊಟ್ಟೆಯಿಡುತ್ತವೆ. ನಮ್ಮಂತೆ ಮೈಯೊಳಗೆ ಉಷ್ಣವನ್ನು ಉರಿಸಿ ಒಂದೇ ಮಟ್ಟದಲ್ಲಿ ಕಾಪಾಡಿಕೊಳ್ಳುವ ಪ್ರಾಣಿಗಳಲ್ಲ ಎರಡೂ; ಮೈ ಬೆಚ್ಚಗಾಗಲು ಹೊರಗಿನ ಬಿಸಿಲನ್ನು ನೆಚ್ಚಿರತಕ್ಕವು. ಆದುದರಿಂದ ಇವುಗಳ ಬಾಳಿನಲ್ಲಿ ಕಾಣುವ ಭೇದಗಳಲ್ಲಿ ಬಹುಪಾಲು ಗಾತ್ರದಿಂದಲೇ ಉಂಟಾದವು ಎಂದು ನಂಬಲು ಅವಕಾಶವಿದೆ.

ವರ್ಗ ಮತ್ತು ಘನ

ಲೆಕ್ಕವನ್ನು ಸುಲಭವಾದ ಕಡೆಯಿಂದ ಪ್ರಾರಂಭಿಸೋಣ. ಒಂದು ಸೆಂಟಿಮೀಟರ್ ಬದಿಯುಳ್ಳ ಮಣ್ಣಿನ ಘನವೊಂದನ್ನು ತೆಗೆದುಕೊಳ್ಳಿ. ಅದಕ್ಕೆ ಆರು ಮುಖಗಳು. ಒಟ್ಟು ಮೇಲ್ಮೈ ಆರು ಚದರ ಸೆಂಟಿಮೀಟರ್, ಘನಗಾತ್ರ ಒಂದು ಘನ ಸೆಂಟಿಮೀಟರ್. ಬದಿಯನ್ನು ಎರಡು ಪಟ್ಟು ಮಾಡಿದರೆ ಮೇಲ್ಮೈ 24 ಆಗುತ್ತದೆ, ಎಂದರೆ ನಾಲ್ಕು ಪಟ್ಟು. ಘನಗಾತ್ರವಾದರೋ ಎಂಟು ಪಟ್ಟಾಗುತ್ತದೆ. ಬದಿಯನ್ನು ಹತ್ತು ಪಟ್ಟು ಮಾಡಿದರೆ ಮೇಲ್ಮೈ ನೂರು ಪಟ್ಟು, ಘನಗಾತ್ರ ಸಾವಿರ ಪಟ್ಟು. ಉದ್ದವು ಹೆಚ್ಚಿದಂತೆ ಮೇಲ್ಮೈ ಅದರ ವರ್ಗದಂತೆಯೂ ತೂಕ ಅದರ ಘನದಂತೆಯೂ ಹೆಚ್ಚುತ್ತವೆ. ಈ ಸರಳವಾದ ನಿಯಮದಿಂದ ಪ್ರಾಣಿಗಳ ಎಲುಬಿನ ದಪ್ಪದವರೆಗೆ ಅನೇಕ ಸಂಗತಿಗಳು ಹೊರಡುತ್ತವೆಂಬುದನ್ನು ಗೆಲಿಲಿಯೋ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿಕೊಟ್ಟನು.

ಈಗ ನಮ್ಮ ಪ್ರಾಣಿಗಳಿಗೆ ಬರೋಣ. ಉಡದ ಉದ್ದ 2.5 ಮೀಟರ್, ನುಸಿಯದು 0.5 ಮಿಲಿಮೀಟರ್, ಉದ್ದಗಳ ಪ್ರಮಾಣ 5,000. ತೂಕದ ವಿಷಯವೇನು? ನುಸಿಯ ಮೈಯನ್ನು 0.5 ಮಿಲಿಮೀಟರ್ ಉದ್ದ, 0.3 ಮಿಲಿಮೀಟರ್ ಅಗಲ, 0.25 ಮಿಲಿಮೀಟರ್ ದಪ್ಪವುಳ್ಳ ಮೊಟ್ಟೆಯಾಕಾರದ ಕಾಯವೆಂದು ಭಾವಿಸಿ, ಅದಕ್ಕೆ ನೀರಿನ ಸಾಂದ್ರತೆಯಿದೆಯೆಂದು ಹಿಡಿದರೆ, ಅದರ ತೂಕ ಸುಮಾರು 0.02 ಮಿಲಿಗ್ರಾಂ ಬರುತ್ತದೆ. ಒಂದು ಗ್ರಾಂ ತೂಗಲು 50,000 ನುಸಿಗಳು ಬೇಕು. ಒಂದು ಉಡದ ತೂಕಕ್ಕೆ ಸರಿಗಟ್ಟಲು 350 ಕೋಟಿ ನುಸಿಗಳು ಬೇಕು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದು ನಮಗೆ ಮತ್ತೊಮ್ಮೆ ಬೇಕಾಗುತ್ತದೆ.

ಮೇಲ್ಮೈಯ ಲೆಕ್ಕ ಇನ್ನೂ ಕುತೂಹಲಕರವಾಗಿದೆ. ಉಡದ ಚರ್ಮವನ್ನೆಲ್ಲ ಬಿಡಿಸಿ ಹರಡಿದರೆ ಅದು ಸುಮಾರು 1.7 ಚದರ ಮೀಟರ್ ಆಗಬಹುದು. ಇದನ್ನು ಅದರ ತೂಕಕ್ಕೆ ಹಂಚಿದರೆ ಒಂದು ಗ್ರಾಂ ಮೈಗೆ ಕಾಲು ಚದರ ಸೆಂಟಿಮೀಟರಿನಷ್ಟು ಚರ್ಮ ದೊರೆಯುತ್ತದೆ. ನುಸಿಯಲ್ಲಿ ಒಂದು ಗ್ರಾಂ ಮೈಗೆ 200 ಚದರ ಸೆಂಟಿಮೀಟರ್ ಮೇಲ್ಮೈ ಇದೆ, ಸುಮಾರು 800 ಪಟ್ಟು. ಉಡವು ಬಹುಪಾಲು ಒಳಗೇ ಇರುವ ಪ್ರಾಣಿ. ನುಸಿ ಬಹುಪಾಲು ಹೊರಗೇ ಇರುವ ಪ್ರಾಣಿ. ಒಳಗಿನ ಸಾಮ್ರಾಜ್ಯದಲ್ಲಿ ತೂಕವು ಅರಸು. ಹೊರಗಿನ ಸಾಮ್ರಾಜ್ಯದಲ್ಲಿ ಮೇಲ್ಮೈಯನ್ನು ಹಿಡಿದು ಕೆಲಸ ಮಾಡುವ ಬಲಗಳು ಅರಸು.

ತೂಕದ ಆಳ್ವಿಕೆ

ಕಾಲಿನ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿದೆ. ಎರಡು ಎಳೆ ಹಗ್ಗಕ್ಕಿಂತ ನಾಲ್ಕು ಎಳೆಯ ಹಗ್ಗ ಬಲವಾದುದು ಎಂಬುದಕ್ಕೂ ಇದೇ ಕಾರಣ. ವಿಸ್ತೀರ್ಣವು ವರ್ಗದಂತೆ ಹೆಚ್ಚುತ್ತದೆ, ಹೊರಬೇಕಾದ ಭಾರವು ಘನದಂತೆ ಹೆಚ್ಚುತ್ತದೆ. ನಮ್ಮ ನುಸಿಯನ್ನು ಇದ್ದ ರೂಪದಲ್ಲಿಯೇ ಉಡದಷ್ಟು ಉದ್ದಕ್ಕೆ ಹಿಗ್ಗಿಸಿದೆವೆಂದು ಭಾವಿಸೋಣ. ಅದರ ಕಾಲುಗಳ ಬಲ 2.5 ಕೋಟಿ ಪಟ್ಟು ಹೆಚ್ಚುತ್ತದೆ. ಭಾರವಾದರೋ 12,500 ಕೋಟಿ ಪಟ್ಟು ಹೆಚ್ಚುತ್ತದೆ. ಅದು ಈಗ ಎರಡೂವರೆ ಟನ್ ತೂಗುವ ಗುಡಾಣದಂಥ ಪ್ರಾಣಿ. ಕಾಲಿನ ಪ್ರತಿಯೊಂದು ಚದರ ಮಿಲಿಮೀಟರಿನ ಮೇಲೂ ಮೊದಲಿಗಿಂತ 5,000 ಪಟ್ಟು ಹೊರೆ ಬಿದ್ದಂತಾಯಿತು. ಎಂಟು ಕಾಲುಗಳೂ ಏಕಕಾಲದಲ್ಲಿ ಮುರಿಯದೆ ಬೇರೆ ದಾರಿಯಿಲ್ಲ. ಚಲನಚಿತ್ರಗಳಲ್ಲಿ ನಗರಗಳನ್ನು ತುಳಿದು ಹಾಕುವ ಮಹಾ ಜೇಡಗಳು ಮೊದಲ ಹೆಜ್ಜೆಯನ್ನೇ ಇಡಲಾರವೆಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಉಡವು ತೂಕದ ಆಳ್ವಿಕೆಯ ಪ್ರಜೆಯಾದ್ದರಿಂದ ಅದರ ಕಾಲುಗಳು ಕಂಬಗಳಂತೆ ದಪ್ಪ, ಎಲುಬು ಗಟ್ಟಿ, ಸ್ನಾಯು ಭಾರ. ಅದರ ಬಾಳಿನ ಮೊದಲ ಭಾಗ ಮಾತ್ರ ಹೀಗಲ್ಲ. ಮೊಟ್ಟೆಯಿಂದ ಹೊರಬಂದ ಮರಿ ಸುಮಾರು 40 ಸೆಂಟಿಮೀಟರ್ ಉದ್ದವಿದ್ದು ನೂರು ಗ್ರಾಂನ ಆಸುಪಾಸಿನಲ್ಲಿ ತೂಗುತ್ತದೆ. ಅದು ಕೂಡಲೇ ಮರವನ್ನೇರಿ ಕೆಲವು ವರ್ಷ ಮರದ ಮೇಲೆಯೇ ಹೆಚ್ಚು ಕಾಲ ಕಳೆಯುತ್ತದೆ. ಕೆಳಗೆ ಇದ್ದರೆ ದೊಡ್ಡ ಉಡಗಳೇ ಅದನ್ನು ನುಂಗುವುದುಂಟು. ದೊಡ್ಡವು ಮರಿಗಳನ್ನು ಬೆನ್ನಟ್ಟಿ ಮರ ಹತ್ತಲಾರವು; ಅವುಗಳ ತೂಕವೇ ಅವುಗಳಿಗೆ ಅಡ್ಡಿ. ಹತ್ತು ಮೀಟರ್ ಎತ್ತರದಿಂದ ಬಿದ್ದ 70 ಕಿಲೋಗ್ರಾಂ ಉಡವು ಸೆಕೆಂಡಿಗೆ 14 ಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತದೆ. ಆ ಪೆಟ್ಟನ್ನು ತಡೆಯುವುದು ಸುಲಭವಲ್ಲ. ಒಂದೇ ಪ್ರಾಣಿ ತನ್ನ ಜೀವಮಾನದಲ್ಲಿ ಗಾತ್ರದ ಮೆಟ್ಟಿಲುಗಳನ್ನು ಏರುತ್ತ ಹೋದಂತೆ ಅದರ ಮನೆ, ಆಹಾರ, ನಡಿಗೆ ಎಲ್ಲವೂ ಬದಲಾಗುವುದನ್ನು ಇಲ್ಲಿ ಕಾಣುತ್ತೇವೆ.

ಇದೇ ಮರದಿಂದ ನುಸಿ ಬಿದ್ದರೆ ಏನಾಗುತ್ತದೆ? ಬೀಳುವ ವಸ್ತುವನ್ನು ಭೂಮಿ ಎಳೆಯುವುದು ಅದರ ತೂಕಕ್ಕೆ ತಕ್ಕಂತೆ. ಗಾಳಿ ತಡೆಯುವುದು ಅದರ ಹರವಿಗೆ ತಕ್ಕಂತೆ. ತೂಕ ಅತ್ಯಲ್ಪವೂ ಹರವು ಹೆಚ್ಚೂ ಇರುವ ನುಸಿಯ ವೇಗವು ಸೆಕೆಂಡಿಗೆ ಸುಮಾರು ಒಂದು ಮೀಟರಿಗೆ ಬಂದು ನಿಂತುಬಿಡುತ್ತದೆ. ಇದು ನಾವು ನಿಧಾನವಾಗಿ ನಡೆಯುವ ವೇಗ. ಹತ್ತು ಮೀಟರಿನಿಂದ ಬೀಳಲಿ, ಸಾವಿರ ಮೀಟರಿನಿಂದ ಬೀಳಲಿ, ನೆಲ ಮುಟ್ಟುವ ವೇಗ ಒಂದೇ. ಸ್ವಲ್ಪ ಮೇಲ್ಮುಖವಾದ ಗಾಳಿ ಬೀಸಿದರೆ ಬೀಳುವುದರ ಬದಲು ಅದು ಮೇಲಕ್ಕೇ ಹೋಗುತ್ತದೆ. ಆಹಾರ ತೀರಿಹೋದ ಗಿಡದ ತುದಿಗೆ ನುಸಿಗಳು ಏರಿ, ಮುಂದಿನ ಕಾಲುಗಳನ್ನೆತ್ತಿ, ಗಾಳಿ ತಮ್ಮನ್ನು ಹೊತ್ತೊಯ್ಯಲೆಂದು ಕಾದಿರುತ್ತವೆ. ರೆಕ್ಕೆಯಿಲ್ಲದ ಪ್ರಾಣಿಗೆ ಅದರ ಅಲ್ಪತ್ವವೇ ರೆಕ್ಕೆಯಾಗಿದೆ.

ಮೇಲ್ಮೈಯ ಆಳ್ವಿಕೆ

ಹೀಗೆ ಹೇಳಿದ ಮಾತ್ರಕ್ಕೆ ಸಣ್ಣ ಪ್ರಾಣಿಗೆ ಕಷ್ಟವೇ ಇಲ್ಲವೆಂದು ಭಾವಿಸಬಾರದು. ಗುರುತ್ವಾಕರ್ಷಣೆಯ ಹಿಡಿತದಿಂದ ತಪ್ಪಿಸಿಕೊಂಡ ನುಸಿ ಮೇಲ್ಮೈ ಎಳೆತದ ಕೈಗೆ ಸಿಕ್ಕಿಬಿದ್ದಿದೆ. ನೀರಿನ ಮೇಲ್ಮೈ ಬಿಗಿಯಾಗಿ ಎಳೆದ ತೆಳುವಾದ ಪೊರೆಯಂತೆ ವರ್ತಿಸುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಒಂದು ಸೆಂಟಿಮೀಟರ್ ಉದ್ದದ ನೀರಿನ ಅಂಚು ಸುಮಾರು 73 ಮಿಲಿಗ್ರಾಂ ತೂಕಕ್ಕೆ ಸಮನಾದ ಬಲದಿಂದ ಎಳೆಯುತ್ತದೆ. ನೀರಿನಲ್ಲಿ ಸಿಕ್ಕಿದ ನುಸಿಯ ಸುತ್ತ ಒಂದು ಮಿಲಿಮೀಟರಿನಷ್ಟು ಅಂಚು ಇದ್ದರೂ ಆ ಎಳೆತ 7.3 ಮಿಲಿಗ್ರಾಂ ಆಗುತ್ತದೆ. ಇದು ನುಸಿಯ ತೂಕದ 365 ಪಟ್ಟು. ಎಲೆಯ ಮೇಲಿನ ಒಂದು ಹನಿ ನೀರು ಅದಕ್ಕೆ ಅಂಟಿನ ಕೆಸರಿನಂತೆ. ಉಡವು ಸಮುದ್ರಕ್ಕಿಳಿದಾಗ ಅದರ ಸುತ್ತಲಿನ ನೀರಿನ ಅಂಚು ಆರು ಮೀಟರೆಂದು ಹಿಡಿದರೂ ಎಳೆತ 44 ಗ್ರಾಂನಷ್ಟು ಮಾತ್ರ. ಅದರ ತೂಕದ ಸುಮಾರು 1,600ರಲ್ಲಿ ಒಂದು ಪಾಲು. ಉಡಕ್ಕೆ ಈ ಬಲವಿರುವುದೇ ತಿಳಿಯದು. ಅದು ಚೆನ್ನಾಗಿ ಈಜಬಲ್ಲುದು. ಜೋರಾದ ಮಳೆ ಬಿದ್ದ ಮೇಲೆ ಗಿಡಗಳಲ್ಲಿ ನುಸಿಯ ಉಪದ್ರವ ತಗ್ಗುವುದಕ್ಕೂ, ಒಣ ಬೇಸಗೆಯಲ್ಲಿ ಅದು ಹೆಚ್ಚುವುದಕ್ಕೂ ಇರುವ ಕಾರಣಗಳಲ್ಲಿ ಇದೊಂದು.

ನೀರು ಹೊರಗಿದ್ದರೆ ಅಪಾಯ; ಒಳಗಿನ ನೀರು ಹೊರಗೆ ಹೋದರೂ ಅಪಾಯ. ಆವಿಯಾಗುವುದು ಮೇಲ್ಮೈಯಿಂದ. ಗ್ರಾಂ ಒಂದಕ್ಕೆ 800 ಪಟ್ಟು ಮೇಲ್ಮೈಯನ್ನು ಹೊತ್ತ ನುಸಿ ಬಹು ಬೇಗನೆ ಒಣಗಿಹೋಗಬೇಕು. ಇದಕ್ಕೆ ಅದು ಕಂಡುಕೊಂಡ ಪರಿಹಾರವೆಂದರೆ ನೀರಿನ ಭಂಡಾರದ ಮೇಲೆಯೇ ಮನೆ ಮಾಡುವುದು. ಎಲೆಯ ಕೆಳಮೈಯಲ್ಲಿ ಕುಳಿತು, ಸೂಜಿಯಂಥ ಬಾಯಿಯಿಂದ ಎಲೆಯ ಒಂದೊಂದೇ ಜೀವಕೋಶವನ್ನು ಚುಚ್ಚಿ, ನಿಮಿಷಕ್ಕೆ ಸುಮಾರು 20 ಕೋಶಗಳಂತೆ ಬರಿದು ಮಾಡುತ್ತದೆ. ಹಸಿರೂ ರಸವೂ ಹೋದ ಕಡೆ ಎಲೆಯ ಮೇಲೆ ಬಿಳಿಯ ಹಳದಿಯ ಚುಕ್ಕೆಗಳೇಳುತ್ತವೆ. ಇದಲ್ಲದೆ ಅದು ರೇಷ್ಮೆಯ ಎಳೆಗಳನ್ನು ನೂಲುತ್ತದೆ. ಜೇಡನುಸಿ ಎಂಬ ಹೆಸರು ಬಂದುದೂ ಇದರಿಂದಲೇ. ಆ ಎಳೆಯ ದಪ್ಪ ಒಂದು ಮಿಲಿಮೀಟರಿನ ಸುಮಾರು 20,000ದಲ್ಲಿ ಒಂದು ಪಾಲು; ನಮ್ಮ ತಲೆಗೂದಲು ಅದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ದಪ್ಪ. ಈ ಬಲೆ ಬೇಟೆಗಾಗಿ ಅಲ್ಲ; ಮೊಟ್ಟೆಗಳನ್ನೂ ಮರಿಗಳನ್ನೂ ಗಾಳಿ, ಶತ್ರುಗಳಿಂದ ಮರೆಮಾಡುವ ಚಪ್ಪರ.

ಉಸಿರು ಮತ್ತು ಬಿಸಿ

ಪ್ರಾಣಿಯ ಮೈಯ ಮೂಲೆಮೂಲೆಗೂ ಆಮ್ಲಜನಕ ತಲುಪಬೇಕು. ಒಂದು ಲೋಟ ನೀರಿನಲ್ಲಿ ಬಿಟ್ಟ ಶಾಯಿಯ ಹನಿ ಕಲಕದೆಯೇ ನಿಧಾನವಾಗಿ ಹರಡುವಂತೆ, ಆಮ್ಲಜನಕವೂ ತಾನಾಗಿಯೇ ಹರಡುತ್ತದೆ, ಇದನ್ನು ವಿಸರಣವೆನ್ನುತ್ತೇವೆ. ವಿಸರಣಕ್ಕೆ ಬೇಕಾಗುವ ಕಾಲ ದೂರದ ವರ್ಗದಂತೆ ಹೆಚ್ಚುತ್ತದೆ. ನೀರಿನಲ್ಲಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವನ್ನು ದಾಟಲು ಆಮ್ಲಜನಕಕ್ಕೆ ಎರಡು ಮೂರು ಸೆಕೆಂಡು ಸಾಕು. ಹತ್ತು ಸೆಂಟಿಮೀಟರ್ ದಾಟಬೇಕಾದರೆ ದೂರ ಸಾವಿರ ಪಟ್ಟು, ಕಾಲ ಹತ್ತು ಲಕ್ಷ ಪಟ್ಟು: ಹೆಚ್ಚು ಕಡಮೆ ಒಂದು ತಿಂಗಳು!

ನುಸಿಯ ಮೈಯಲ್ಲಿ ಯಾವ ಭಾಗವೂ ಹೊರಗಿನಿಂದ ಬಹಳ ದೂರವಿಲ್ಲ. ಸಣ್ಣ ಉಸಿರ್ನಾಳಗಳಷ್ಟೇ ಅದಕ್ಕೆ ಸಾಕು. ಪುಪ್ಪುಸ ಬೇಡ, ಹೃದಯವೂ ಇಲ್ಲ. ಉಡವು ವಿಸರಣವನ್ನು ನಂಬಿ ಕುಳಿತರೆ ಮೊದಲ ಉಸಿರು ಮೈಯೊಳಗೆ ತಲುಪುವ ಮುನ್ನವೇ ಪ್ರಾಣ ಹೋದೀತು. ಆದುದರಿಂದ ಅದಕ್ಕೆ ಗಾಳಿಯನ್ನು ಒಳಗೆ ಎಳೆಯುವ ಪುಪ್ಪುಸಗಳು, ಮಡಿಕೆ ಮಡಿಕೆಯಾಗಿ ಒಳಗೇ ಅಡಗಿಸಿಟ್ಟ ಮೇಲ್ಮೈ, ರಕ್ತವನ್ನು ನೂಕುವ ಹೃದಯ, ಮೂಲೆಗೂ ಹರಡಿದ ನಾಳಗಳು ಎಲ್ಲವೂ ಬೇಕಾದವು. ದೊಡ್ಡ ಪ್ರಾಣಿಗಳ ಒಳಗಿನ ಜಟಿಲವಾದ ಯಂತ್ರವು ಅವುಗಳ ಹಿರಿಮೆಯ ಚಿಹ್ನೆಯೆಂದು ತಿಳಿಯುವವರುಂಟು. ಹೊರಗೆ ಕಳೆದುಕೊಂಡ ಮೇಲ್ಮೈಯನ್ನು ಒಳಗೆ ಮತ್ತೆ ಕಟ್ಟಿಕೊಳ್ಳುವುದಕ್ಕಾಗಿ ತೆರಬೇಕಾದ ಬೆಲೆ ಅದು ಎಂದು ಹೇಳುವುದೇ ಸರಿ.

ಬಿಸಿಯ ವಿಷಯದಲ್ಲಿಯೂ ಇದೇ ನ್ಯಾಯ. ಉಷ್ಣವು ಮೈಯಲ್ಲಿ ಸಂಗ್ರಹವಾಗುವುದು ತೂಕಕ್ಕೆ ತಕ್ಕಂತೆ, ಹೊರಗೆ ಹೋಗುವುದು ಮೇಲ್ಮೈಗೆ ತಕ್ಕಂತೆ. ಉಡವು ಬೆಳಗಿನ ಬಿಸಿಲಿನಲ್ಲಿ ಬಹಳ ಹೊತ್ತು ಮೈಚಾಚಿ ಕಾಯಿಸಿಕೊಳ್ಳುತ್ತದೆ. ಹಾಗೆ ಪಡೆದ ಬಿಸಿಯನ್ನು ಗಂಟೆಗಟ್ಟಲೆ ಉಳಿಸಿಕೊಳ್ಳುತ್ತದೆ. ನೆರಳಿಗೆ ಬಂದ ನುಸಿ ಒಂದೆರಡು ಸೆಕೆಂಡುಗಳಲ್ಲಿ ತಣ್ಣಗಾಗಿಬಿಡುತ್ತದೆ. ಉಡಕ್ಕೆ ತನ್ನದೇ ಆದ ಹವೆಯುಂಟು. ನುಸಿಗೆ ಎಲೆಯ ಹವೆಯೇ ತನ್ನ ಹವೆ. ಊಟದಲ್ಲಿಯೂ ಹೀಗೆಯೇ. ಉಡವು ಒಂದೇ ಸಲಕ್ಕೆ ತನ್ನ ತೂಕದ ಶೇಕಡಾ 80ರಷ್ಟು ಮಾಂಸವನ್ನು ನುಂಗಬಲ್ಲುದು. ಬಳಿಕ ವಾರಗಟ್ಟಲೆ ಹಸಿದಿರಬಲ್ಲುದು. ನುಸಿಗೆ ಇಂಥ ಕಣಜವಿಲ್ಲ. ಅದು ತನ್ನ ಎಚ್ಚರದ ಕಾಲದ ಬಹುಭಾಗವನ್ನು ಹೀರುವುದರಲ್ಲಿಯೇ ಕಳೆಯಬೇಕು.

ತಲೆಮಾರಿನ ಲೆಕ್ಕ

ದೊಡ್ಡ ಮೈಯನ್ನು ಕಟ್ಟಲು ದೀರ್ಘ ಕಾಲ ಬೇಕು, ಸಣ್ಣ ಮೈಯನ್ನು ಕಟ್ಟಲು ಅಲ್ಪಕಾಲ ಸಾಕು. ಕೊಮೊಡೊ ಉಡವು ಸುಮಾರು 20 ಮೊಟ್ಟೆಗಳನ್ನಿಡುತ್ತದೆ. ಅವು ಒಡೆಯಲು ಎಂಟು ತಿಂಗಳು ಹಿಡಿಯುತ್ತದೆ. ಮರಿ ಪ್ರಾಯಕ್ಕೆ ಬರಲು ಎಂಟೊಂಬತ್ತು ವರ್ಷ ಬೇಕು. ನುಸಿಯಾದರೋ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೊಟ್ಟೆಯಿಂದ ಮೊಟ್ಟೆಯಿಡುವ ತಾಯಾಗುವವರೆಗಿನ ಹಾದಿಯನ್ನು ಸುಮಾರು ಹತ್ತು ದಿನಗಳಲ್ಲಿ ಮುಗಿಸುತ್ತದೆ. ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲುದು. ಅವುಗಳಲ್ಲಿ ಹೆಚ್ಚಿನವು ಹೆಣ್ಣುಗಳೇ.

ಇವುಗಳಲ್ಲಿ 20 ಹೆಣ್ಣುಮಕ್ಕಳು ಮಾತ್ರ ಬದುಕಿ ಬೆಳೆಯುವುವೆಂದು ಹಿಡಿದು ಲೆಕ್ಕ ಮಾಡೋಣ. ಹತ್ತು ದಿನಗಳಲ್ಲಿ 20, ಇಪ್ಪತ್ತು ದಿನಗಳಲ್ಲಿ 400, ಮೂವತ್ತು ದಿನಗಳಲ್ಲಿ 8,000. ಏಳನೆಯ ತಲೆಮಾರಿನಲ್ಲಿ 128 ಕೋಟಿ. ಎಂಟನೆಯದರಲ್ಲಿ 2,560 ಕೋಟಿ. ಉಡದ ತೂಕಕ್ಕೆ ಸಮನಾದ 350 ಕೋಟಿಯೆಂಬ ಸಂಖ್ಯೆ ಈ ಎರಡರ ನಡುವೆ ಬರುತ್ತದೆ. ಎಂದರೆ, ಆಹಾರಕ್ಕೆ ಕೊನೆಯಿಲ್ಲದಿದ್ದರೆ, ಶತ್ರುಗಳಿಲ್ಲದಿದ್ದರೆ, ಒಂದು ನುಸಿಯ ಸಂತಾನವು 80 ದಿನಗಳೊಳಗೆ ಒಂದು ಕೊಮೊಡೊ ಉಡದಷ್ಟು ತೂಗುತ್ತದೆ. ಅಷ್ಟು ಹೊತ್ತಿಗೆ ಮಣ್ಣಿನಲ್ಲಿ ಹುದುಗಿದ ಉಡದ ಮೊಟ್ಟೆ ತನ್ನ ಕಾಲದ ಮೂರನೆಯ ಒಂದು ಪಾಲನ್ನು ಮಾತ್ರ ಕಳೆದಿರುತ್ತದೆ. ಆಹಾರ ಮುಗಿಯುವುದರಿಂದಲೂ ಬೇಟೆಗಾರ ಜೀವಿಗಳ ಬಾಯಿಗೆ ಬೀಳುವುದರಿಂದಲೂ ಹೊಲದಲ್ಲಿ ಹೀಗಾಗುವುದಿಲ್ಲವೆಂಬುದು ನಿಜ. ಆದರೆ ಆ ಶಕ್ತಿ ಅದರಲ್ಲಿ ಅಡಗಿರುವುದು ಸುಳ್ಳಲ್ಲ.

ಸಂತಾನದ ವಿಷಯದಲ್ಲಿ ಇವೆರಡೂ ಒಂದು ಕಡೆ ಅನಿರೀಕ್ಷಿತವಾಗಿ ಕೂಡಿಕೊಳ್ಳುತ್ತವೆ. ಗಂಡಿನ ಸಂಪರ್ಕವಿಲ್ಲದ ಹೆಣ್ಣು ನುಸಿಯೂ ಮೊಟ್ಟೆಯಿಡುತ್ತದೆ. ಅವುಗಳಿಂದ ಹುಟ್ಟುವುವೆಲ್ಲ ಗಂಡುಗಳೇ. ಕೊಮೊಡೊ ಉಡದಲ್ಲಿಯೂ ಹೀಗೆ ನಡೆಯುವುದುಂಟೆಂಬುದು ಇಂಗ್ಲೆಂಡಿನ ಲಂಡನ್ ಮತ್ತು ಚೆಸ್ಟರ್ ಮೃಗಾಲಯಗಳಲ್ಲಿದ್ದ ಉಡಗಳಿಂದ 2006ರಲ್ಲಿ ಬೆಳಕಿಗೆ ಬಂದಿತು. ಅಲ್ಲಿಯೂ ಒಂಟಿ ತಾಯಿಗೆ ಹುಟ್ಟುವುದು ಗಂಡುಮರಿಗಳೇ. ಕಾರಣಗಳು ಮಾತ್ರ ಬೇರೆ ಬೇರೆ. ನುಸಿಯ ಗಂಡಿಗೆ ತಾಯಿಯಿಂದ ಬಂದ ಒಂದೇ ಕಟ್ಟು ವರ್ಣತಂತುಗಳು ಇರುತ್ತವೆ. ಉಡದಲ್ಲಿ ಒಂದೇ ಬಗೆಯ ಎರಡು ಲಿಂಗತಂತುಗಳನ್ನು ಪಡೆದುದು ಗಂಡಾಗುತ್ತದೆ; ಬೇರೆ ಬೇರೆ ಬಗೆಯ ಎರಡನ್ನು ಪಡೆದುದು ಹೆಣ್ಣು. ತಾಯೊಬ್ಬಳ ಮೊಟ್ಟೆಯಲ್ಲಿ ಒಂದೇ ತಂತು ಇಮ್ಮಡಿಯಾಗಿ ನಿಲ್ಲುವುದರಿಂದ ಬದುಕುಳಿಯುವುದು ಗಂಡೊಂದೇ. ಫಲ ಒಂದೇ ಬಗೆಯದು: ಒಂಟಿಯಾಗಿ ಬಂದ ಒಂದು ಹೆಣ್ಣು ಹೊಸ ನೆಲೆಯಲ್ಲಿ ವಂಶವನ್ನು ಆರಂಭಿಸುವ ಸಾಧ್ಯತೆ. ಉಡಕ್ಕೆ ಆ ನೆಲೆ ಸಮುದ್ರದ ನಡುವಿನ ದ್ವೀಪ. ನುಸಿಗೆ ಒಂದು ಎಲೆಯೇ ದ್ವೀಪ.

ಇನ್ನೊಂದು ಲೆಕ್ಕವನ್ನೂ ಇಲ್ಲಿ ಸೇರಿಸಬಹುದು. ಪ್ರಾಣಿಯ ರಚನೆಯ ಸೂತ್ರಗಳೆಲ್ಲ ಅದರ ಡಿ.ಎನ್.ಎ.ಯಲ್ಲಿ ಬರೆದಿರುತ್ತವಷ್ಟೆ. ಆ ಬರವಣಿಗೆಯನ್ನು ನುಸಿಯಲ್ಲಿ 2011ರಲ್ಲಿಯೂ ಉಡದಲ್ಲಿ 2019ರಲ್ಲಿಯೂ ಓದಿ ಪ್ರಕಟಿಸಿದರು. ನುಸಿಯ ಬರವಣಿಗೆ ಸುಮಾರು 9 ಕೋಟಿ ಅಕ್ಷರಗಳಷ್ಟು, ಉಡದ್ದು ಸುಮಾರು 150 ಕೋಟಿ ಅಕ್ಷರಗಳಷ್ಟು. ತೂಕದಲ್ಲಿ 350 ಕೋಟಿ ಪಟ್ಟು ಅಂತರವಿರುವಲ್ಲಿ ಬರವಣಿಗೆಯ ಅಂತರ 17 ಪಟ್ಟು ಮಾತ್ರ. ಸಣ್ಣ ಪ್ರಾಣಿಯೆಂದರೆ ಅಲ್ಪವಾದ ಪ್ರಾಣಿಯೆಂದು ಭಾವಿಸಬಾರದೆಂಬುದಕ್ಕೆ ಇದು ಸಾಕ್ಷಿ.

ನಮಗೆ ಇದರಿಂದ ಆಗುವುದೇನು

ಈ ಲೆಕ್ಕಗಳೆಲ್ಲ ಕುತೂಹಲಕ್ಕಾಗಿ ಮಾತ್ರವೆಂದು ತಿಳಿಯಬೇಕಾಗಿಲ್ಲ. ಎರಡು ಪ್ರಾಣಿಗಳೂ ಇಂದು ಮನುಷ್ಯನೊಡನೆ ವ್ಯವಹಾರಕ್ಕೆ ಬಂದಿವೆ. ಆ ವ್ಯವಹಾರದಲ್ಲಿ ನಾವು ಬಯಸಿದುದಕ್ಕೆ ವಿರೋಧವಾದುದೇ ನಡೆಯುತ್ತಿದೆ.

ನುಸಿಯನ್ನು ನಾಶಮಾಡಬೇಕೆಂದು ನಾವು ವಿಷದ ಮೇಲೆ ವಿಷವನ್ನು ಸಿಂಪಡಿಸುತ್ತ ಬಂದಿದ್ದೇವೆ. ಎರಡು ಚುಕ್ಕೆಯ ಜೇಡನುಸಿ ಈವರೆಗೆ 90ಕ್ಕೂ ಹೆಚ್ಚು ವಿಷವಸ್ತುಗಳನ್ನು ತಡೆದುಕೊಳ್ಳುವ ಸಾಮರ್ಥ್ಯವನ್ನು ತೋರಿಸಿದೆ. ಬೆಳೆಯ ಶತ್ರುಗಳಲ್ಲಿ ಇದನ್ನು ಮೀರಿದ್ದು ಇಲ್ಲ. ಕಾರಣವನ್ನು ನಾವು ಮೇಲೆ ಕಂಡಿದ್ದೇವೆ. ಕೋಟ್ಯಂತರ ನುಸಿಗಳಲ್ಲಿ ಯಾವುದೋ ಒಂದರಲ್ಲಿ ವಿಷವನ್ನು ಸಹಿಸುವ ಗುಣ ಅಕಸ್ಮಾತ್ತಾಗಿ ಇದ್ದೇ ಇರುತ್ತದೆ. ಉಳಿದವು ಸತ್ತಾಗ ಎಲೆಯೆಲ್ಲ ಅದರ ಸಂತಾನದ ಪಾಲಾಗುತ್ತದೆ. ಹತ್ತು ದಿನಕ್ಕೊಂದು ತಲೆಮಾರಿನಂತೆ ಆ ಗುಣ ಹಬ್ಬುತ್ತದೆ. ಗಂಡಿನಲ್ಲಿ ಒಂದೇ ಕಟ್ಟು ವರ್ಣತಂತುಗಳಿರುವುದರಿಂದ ಆ ಗುಣವು ಮರೆಯಾಗಿ ಉಳಿಯದೆ ಕೂಡಲೇ ಪರೀಕ್ಷೆಗೆ ಒಳಗಾಗುತ್ತದೆ. ಇಷ್ಟೇ ಅಲ್ಲದೆ, ನುಸಿಯನ್ನು ತಿನ್ನುವ ಬೇಟೆಗಾರ ನುಸಿಗಳೂ ಕೀಟಗಳೂ ವಿಷಕ್ಕೆ ಮೊದಲು ಬಲಿಯಾಗುತ್ತವೆ. ಎರಡನೆಯ ಮಹಾಯುದ್ಧದ ಬಳಿಕ ಡಿ.ಡಿ.ಟಿ.ಯಂಥ ವಿಷಗಳ ಬಳಕೆ ಹೆಚ್ಚಿದಾಗ ಅನೇಕ ದೇಶಗಳ ತೋಟಗಳಲ್ಲಿ ನುಸಿಯ ಕಾಟ ಕಡಿಮೆಯಾಗುವ ಬದಲು ಹೆಚ್ಚಿದುದಕ್ಕೆ ಇದೂ ಒಂದು ಕಾರಣ. ಈ ಪಾಠವನ್ನು ಕಲಿತು, ಬೇಟೆಗಾರ ನುಸಿಗಳನ್ನೇ ಸಾಕಿ ಬೆಳೆಯ ಮೇಲೆ ಬಿಡುವ ಪದ್ಧತಿಯನ್ನು 1960ರ ದಶಕದಿಂದ ಯುರೋಪಿನ ಗಾಜುಮನೆಗಳಲ್ಲಿ ಬಳಕೆಗೆ ತಂದರು. ನಮ್ಮಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ನುಸಿಗಳ ಅಧ್ಯಯನಕ್ಕೆ ಹೆಸರಾದ ಕೇಂದ್ರವಾಗಿದೆ.

ಉಡವನ್ನಾದರೋ ಉಳಿಸಬೇಕೆಂದು ನಾವು ಬಯಸಿದ್ದೇವೆ. ಇಂಡೊನೇಷ್ಯ ಸರ್ಕಾರವು 1980ರಲ್ಲಿ ಕೊಮೊಡೊ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿತು. 1991ರಲ್ಲಿ ಅದು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿತು. ಹೀಗಿದ್ದರೂ 2021ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಕೊಮೊಡೊ ಉಡವನ್ನು ಅಪಾಯಕ್ಕೆ ಸಿಲುಕಿದ ಪ್ರಾಣಿಗಳ ವರ್ಗಕ್ಕೆ ಸೇರಿಸಬೇಕಾಯಿತು. ಆ ಎಣಿಕೆಯಂತೆ ಪ್ರಾಯಕ್ಕೆ ಬಂದ ಉಡಗಳ ಸಂಖ್ಯೆ 1,400ಕ್ಕಿಂತ ಕಡಿಮೆ. ಭೂಮಿಯ ಉಷ್ಣತೆ ಏರಿ, ಸಮುದ್ರದ ಮಟ್ಟ ಮೇಲಕ್ಕೆ ಬಂದಂತೆ, ಅವುಗಳಿಗೆ ತಕ್ಕ ನೆಲೆ ಮುಂದಿನ 45 ವರ್ಷಗಳಲ್ಲಿ ಶೇಕಡಾ 30ರಷ್ಟಾದರೂ ಕುಗ್ಗುವುದೆಂದು ಆಗ ಅಂದಾಜು ಮಾಡಿದರು. ನುಸಿಯಂತೆ ಗಾಳಿಯನ್ನೇರಿ ಬೇರೊಂದು ದೇಶಕ್ಕೆ ಹೋಗುವುದು ಉಡಕ್ಕೆ ಸಾಧ್ಯವಿಲ್ಲ. ಹೊಸ ಪರಿಸ್ಥಿತಿಗೆ ತಲೆಮಾರು ತಲೆಮಾರಾಗಿ ಹೊಂದಿಕೊಳ್ಳೋಣವೆಂದರೆ, 45 ವರ್ಷಗಳಲ್ಲಿ ಅದಕ್ಕೆ ಸಿಗುವುದು ನಾಲ್ಕೈದು ತಲೆಮಾರುಗಳು ಮಾತ್ರ. ನುಸಿ ಅಷ್ಟನ್ನು ಎರಡು ತಿಂಗಳೊಳಗೆ ಮುಗಿಸುತ್ತದೆ. ಏರುವ ಅದೇ ಬಿಸಿ ನುಸಿಯ ತಲೆಮಾರನ್ನು ಇನ್ನಷ್ಟು ಚುರುಕುಗೊಳಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ನುಸಿ ಗೆಲ್ಲುವುದು ಅದು ದುಷ್ಟವೆಂದಲ್ಲ. ಉಡ ಸೋಲುವುದು ಅದು ದುರ್ಬಲವೆಂದೂ ಅಲ್ಲ. ಲಕ್ಷಾಂತರ ವರ್ಷಗಳ ಕಾಲ ಎರಡೂ ತಮ್ಮ ತಮ್ಮ ಗಾತ್ರದ ಕಟ್ಟಳೆಗೆ ತಕ್ಕಂತೆ ಚೆನ್ನಾಗಿಯೇ ಬಾಳಿ ಬಂದಿವೆ. ಬದಲಾದುದು ಬದಲಾವಣೆಯ ವೇಗ; ಅದನ್ನು ಹೆಚ್ಚಿಸಿದವರು ನಾವು. ನಿಧಾನವಾಗಿ ಬೆಳೆದು, ಕಡಿಮೆ ಮರಿಗಳನ್ನು ಹೆತ್ತು, ದೀರ್ಘಕಾಲ ಬಾಳುವ ದೊಡ್ಡ ಪ್ರಾಣಿಗಳೆಲ್ಲವೂ, ಕೊಮೊಡೊ ಉಡದಂತೆಯೇ ನಮ್ಮ ಕಾಡಿನ ಆನೆಯೂ, ಈ ವೇಗಕ್ಕೆ ಎದುರಾಗಿ ನಿಲ್ಲುವುದು ಕಷ್ಟ. ಅವುಗಳನ್ನು ಕಾಪಾಡಬೇಕಾದರೆ ಅವುಗಳ ನೆಲೆಯನ್ನು ಕಾಪಾಡಬೇಕು, ಕಾಲವನ್ನೂ ಕೊಡಬೇಕು. ಸಣ್ಣ ಜೀವಿಗಳನ್ನು ಹತೋಟಿಯಲ್ಲಿಡಬೇಕಾದರೆ ಅವುಗಳ ಶತ್ರುಗಳನ್ನು ಸ್ನೇಹಿತರನ್ನಾಗಿ ಮಾಡಿಕೊಳ್ಳಬೇಕು. ಬಲಪ್ರಯೋಗದಿಂದ ಅವುಗಳ ಸಂಖ್ಯೆಯನ್ನು ಗೆಲ್ಲುವುದು ಆಗದ ಮಾತು.

ಕೊಮೊಡೊ ದ್ವೀಪಕ್ಕೆ ಹೋಗಿಬರುವುದು ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಆಗದಿರಬಹುದು. ಆದರೆ ಬರುವ ಬೇಸಗೆಯಲ್ಲಿ, ಚುಕ್ಕೆ ಬಿದ್ದು ಮಂಕಾದ ಬದನೆಯ ಎಲೆಯೊಂದನ್ನು ಕಿತ್ತು, ಅದರ ಕೆಳಮೈಯನ್ನು ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ನೋಡುವುದು ಯಾರಿಗೂ ಕಷ್ಟವಲ್ಲ. ನವಿರಾದ ಬಲೆಯ ನಡುವೆ, ಬೆನ್ನಿನ ಎರಡು ಪಕ್ಕದಲ್ಲಿ ಎರಡು ಕಪ್ಪು ಚುಕ್ಕೆಗಳನ್ನು ಹೊತ್ತು ನಡೆದಾಡುವ ಜೀವಿ ಕಂಡರೆ, ಒಂದು ಹನಿ ನೀರನ್ನು ಅದರ ಬಳಿ ಬಿಟ್ಟು ನೋಡಿ. ಪಠ್ಯಪುಸ್ತಕದಲ್ಲಿ ಸೂತ್ರವಾಗಿ ಮಾತ್ರ ಕಂಡ ಮೇಲ್ಮೈ ಎಳೆತವು ಆ ಪ್ರಾಣಿಗೆ ಎಷ್ಟು ದೊಡ್ಡ ಬಲವೆಂಬುದು ಆಗ ಕಣ್ಣಿಗೇ ಕಾಣುತ್ತದೆ.